ಅಕ್ಕಿ ಸುರಿಸಿದ ಸೈಕಲ್ಲು

ಕಾಕ್ ಸೆಪಿಯಾಳಷ್ಟು ನಿಧಾನವಾಗಿ ಕೆಲಸ ಮಾಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಾವು ಒಂದು ಗೂಡು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಹೊತ್ತಿಗೂ ಅವಳು ಮೊದಲನೆಯದರ ಪುಕ್ಕವನ್ನೇ ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿರುತ್ತಿದ್ದಳು. ವಯಸ್ಸು ಐವತ್ತರ ಹತ್ತಿರ, ದುಂಡು ಮೈ, ನಕ್ಕರೆ ಭುಜವೆಲ್ಲ ಅಲುಗುತ್ತಿತ್ತು. ನಮಗೆಲ್ಲ ಅಕ್ಕನಂತಿದ್ದಳು, ಅದಕ್ಕೇ ‘ಕಾಕ್’ ಎನ್ನುತ್ತಿದ್ದೆವು.

ಮಲಯ ನಾಡಿನ ಆಯೆರ್ ತಾವರ್ ಪೇಟೆಯ ಮಾರುಕಟ್ಟೆಯ ಹಿಂದೆ, ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕೆಲಸ. ಜೊಲ್ಲಿನಿಂದ ಗೂಡು ಕಟ್ಟುವ ಪುಟ್ಟ ಹಕ್ಕಿಗಳಿವೆಯಲ್ಲ, ಆ ಗೂಡುಗಳನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಪುಕ್ಕ ಕಿತ್ತು, ಅಚ್ಚಿಗೆ ಹಾಕಿ ಒಣಗಿಸಿ ಚೀನಾಕ್ಕೆ ಕಳಿಸುವುದು. ಅಲ್ಲಿನ ಶ್ರೀಮಂತರು ಅದರ ಸಾರು ಮಾಡಿ ಕುಡಿಯುತ್ತಾರಂತೆ. ನಾವ್ಯಾರೂ ರುಚಿ ನೋಡಿದವರಲ್ಲ. ಬೆಳಿಗ್ಗೆ ತಲೆಗೆ ಬಲೆಟೊಪ್ಪಿ ಏರಿಸಿ ಕೂತರೆ ಸಂಜೆಯವರೆಗೆ ಬಗ್ಗಿಸಿದ ಕತ್ತು ಎತ್ತುವ ಹಾಗಿಲ್ಲ. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಬಾಯಿಗೆ ಮಾತ್ರ ಏನೂ ಇಲ್ಲ.

ಮೂರು ಮೇಜುಗಳಿದ್ದವು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಹಾಗಾಗಿತ್ತು: ಕಿಟಕಿಯ ಕಡೆಯದು ಚೀನೀ ಹೆಂಗಸರದು, ನಡುವಿನದು ಸೆಪಿಯಾ ಕೂರುತ್ತಿದ್ದ ಮಲಯರದು, ಬಚ್ಚಲಿನ ಕಡೆಯದು ನಮ್ಮ ತಮಿಳರದು. ರೇಡಿಯೋ ಮಾತ್ರ ಒಂದೇ. ಅವರಿಗೆ ಅವರ ಹಾಡು, ಇವರಿಗೆ ಇವರ ಧಾರಾವಾಹಿ, ನಮಗೆ ನಮ್ಮ ಸಿನಿಮಾ ಹಾಡು. ಒಬ್ಬರು ಬಚ್ಚಲಿಗೆ ಎದ್ದರೆ ಸಾಕು, ಇನ್ನೊಬ್ಬರು ಹೋಗಿ ತಿರುಗಿಸಿಬಿಡುವುದು. ಹೀಗೆ ಒಂದು ದಿನ ನಾನೂ ಒಬ್ಬ ಚೀನೀ ಹೆಂಗಸೂ ಒಟ್ಟಿಗೆ ಕೈ ಹಾಕಿದೆವು. ರೇಡಿಯೋದ ತಿರುಪು ಕಿತ್ತು ನನ್ನ ಕೈಗೆ ಬಂತು. ಗಲಾಟೆ ಕೇಳಿ ನಮ್ಮ ತೌಕೆ, ಅಂದರೆ ಯಜಮಾನ ಲಿಂಗ್, ಮೇಲೆ ಬಂದ. ಬೈಯಲಿಲ್ಲ. ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು, “ಮೂರು ಕಡೆ ದೀಪ ಉರಿಸೋದೂ ಸಾಕು. ಮೇಜೆಲ್ಲ ಒಟ್ಟಿಗೆ ಸೇರ್ಸಿ” ಎಂದು ಹೇಳಿ ಇಳಿದುಹೋದ.

ಮೂರು ಮೇಜು ಸೇರಿ ಒಂದೇ ಉದ್ದನೆಯ ಮೇಜಾಯಿತು. ಕೂತೆವು. ಯಾರಿಗೂ ಯಾರ ಮುಖ ನೋಡಲೂ ಮನಸ್ಸಿಲ್ಲ. ಚಿಮುಟಗಳ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಮರುದಿನವೂ ಹಾಗೇ ನಡೆದಾಗ ಸೆಪಿಯಾ ಚಿಮುಟ ಕೆಳಗಿಟ್ಟು, ಎಲ್ಲರಿಗೂ ಬರುವ ಮಲಯ ಮಾತಿನಲ್ಲಿ ಶುರುಮಾಡಿದಳು.

“ನೋಡಿ, ಬಾಯಿ ಮುಚ್ಕೊಂಡು ಕೂತ್ರೆ ನಂಗೆ ನಿದ್ದೆ ಬರುತ್ತೆ. ತೂಕಡಿಸಿ ಈ ಚಿಮುಟ ಕಣ್ಣಿಗೆ ಚುಚ್ಕೊಂಡ್ರೆ ನೋಡ್ಕೊಳ್ಳೋಕೆ ನಂಗೆ ಗಂಡನೂ ಇಲ್ಲ. ಅದಕ್ಕೆ ನಾನೊಂದು ಹೇಳ್ತಾ ಇರ್ತೀನಿ. ಕೇಳೋರು ಕೇಳಿ, ಬ್ಯಾಡ ಅನ್ನೋರು ಕಿವಿಗೆ ಹತ್ತಿ ಇಟ್ಕೊಳ್ಳಿ.”

ಅವಳು ಹೇಳಿದ್ದು ತನ್ನ ಗಂಡ ಮಿಸ್ರಾನನ ಕಥೆ. ಅವನು ಲುಮುತ್‌ನಿಂದ ಇಪೋಗೆ ಹೋಗುವ ಬಸ್ಸಿನ ಕಂಡಕ್ಟರು. ಇವಳು ಹೊಲಿಗೆ ಕಲಿಯಲು ದಿನಾ ಅದೇ ಬಸ್ಸಿಗೆ ಓಡಿಬರುವವಳು. ಯಾವತ್ತೂ ತಡ. ಅವನು ಸೀಟಿ ಊದದೆ, ಬಸ್ಸಿನ ಚಕ್ರ ನೋಡುವವನಂತೆ ಕೆಳಗಿಳಿದು ಬಗ್ಗಿ ನಿಲ್ಲುತ್ತಿದ್ದನಂತೆ, ಇವಳು ಹತ್ತುವ ತನಕ.

“ಒಂದಿನ ಡ್ರೈವರ್ ಕೇಳೇಬಿಟ್ಟ, ‘ಏನಯ್ಯಾ, ಈ ಚಕ್ರ ಬಿಚ್ಚಿ ಮನೆಗೆ ಒಯ್ತೀಯೇನು?’ ಅಂತ. ಇವರು, ‘ಚಕ್ರ ಅಲ್ಲ, ಅದನ್ನ’ ಅಂತ ನನ್ನ ಕಡೆ ಗದ್ದ ತೋರಿಸಿದ್ರು. ಬಸ್ಸಲ್ಲಿದ್ದೋರೆಲ್ಲ ನಕ್ರು. ಬ್ರುವಾಸ್ ಬರೋವರೆಗೂ ನಾನು ತಲೆ ಎತ್ತಲಿಲ್ಲ.”

“ಆಗ ಆ ಬಸ್ಸು ಬ್ರುವಾಸ್ ಮೇಲೆ ಹೋಗ್ತಿರ್ಲಿಲ್ಲ.”

ಹೀಗೆಂದವರು ಆಂಟಿ ಮೋಯ್. ನಮ್ಮೆಲ್ಲರ ಕೆಲಸದ ಮೇಲೆ ಕಣ್ಣಿಡುವ ಚೀನೀ ಹೆಂಗಸು, ಅರವತ್ತಕ್ಕೆ ಹತ್ತಿರವಾದವರು. ಗೂಡಿನಲ್ಲಿ ಒಂದು ಪುಕ್ಕ ಉಳಿದಿದ್ದರೆ ಮಾತಾಡದೆ ತಟ್ಟೆಯನ್ನು ನಮ್ಮ ಮುಂದೆ ಮರಳಿ ತಳ್ಳುವುದಷ್ಟೇ ಅವರು ನಮ್ಮೊಡನೆ ಇಟ್ಟುಕೊಂಡಿದ್ದ ವ್ಯವಹಾರ. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ.

“ಹೋಗ್ತಿತ್ತು ಆಂಟಿ” ಎಂದಳು ಸೆಪಿಯಾ.

“ಇಲ್ಲ.”

“ಸರಿ ಬಿಡಿ. ಎಲ್ಲಿ ಹೋಯ್ತೋ ಅಲ್ಲಿವರೆಗೂ ತಲೆ ಎತ್ತಲಿಲ್ಲ.”

ಮಿಸ್ರಾನನ ಮೂತ್ರಪಿಂಡ ಕೆಟ್ಟಿದ್ದು, ಆಸ್ಪತ್ರೆಯ ಹಾಸಿಗೆಯಲ್ಲೂ ಅವನು ನರ್ಸುಗಳಿಗೆ ‘ಮುಂದೆ ಸರೀರಿ, ಮುಂದೆ ಸರೀರಿ’ ಎಂದು ಜ್ವರದಲ್ಲಿ ಬಡಬಡಿಸಿದ್ದು, ಇದನ್ನೆಲ್ಲ ಅವಳು ಒಂದು ವಾರ ಎಳೆದಳು. ಅವನು ತೀರಿಕೊಂಡದ್ದನ್ನು ಹೇಳುವಾಗ ನನ್ನ ಎದುರಿಗಿದ್ದ ಚೀನೀ ಹೆಂಗಸು, ರೇಡಿಯೋಕ್ಕೆ ಕೈ ಹಾಕಿದವಳೇ, ತೋಳಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಸೆಪಿಯಾ ನನ್ನ ಕಡೆ ತಿರುಗಿದಳು. “ಅಂಜಲೈ, ಈಗ ನಿಂದು.”

“ನಂದೇನಿದೆ ಕಾಕ್? ರಬ್ಬರ್ ತೋಟದಲ್ಲಿ ಹುಟ್ಟಿದೆ, ತೋಟ ಮಾರಿದ್ರು, ಪೇಟೆಗೆ ಬಂದ್ವಿ.”

“ಮಾರಿದ ದಿನ ಏನ್ಮಾಡಿದ್ರಿ?”

ಅಷ್ಟು ಕೇಳಿದ್ದೇ ತಡ, ಎಷ್ಟೋ ವರ್ಷ ನೆನಪೇ ಆಗದಿದ್ದದ್ದು ಬಾಯಿಗೆ ಬಂತು. ತೋಟದ ಅಂಚಿನ ಮರದ ಕೆಳಗೆ ನಮ್ಮ ಮುನಿಯಾಂಡಿ ದೇವರ ಕಲ್ಲಿತ್ತು. ಎಲ್ಲರೂ ಮನೆ ಖಾಲಿ ಮಾಡುವಾಗ ದೇವರನ್ನು ಬಿಟ್ಟುಹೋಗುವುದು ಹೇಗೆಂದು ನಮ್ಮಪ್ಪ ಕಲ್ಲನ್ನು ಟವೆಲಿನಲ್ಲಿ ಸುತ್ತಿ, ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿದರು. ಹೊರಡುವ ಮುಂಚೆ ಅಮ್ಮನ ಹೆಲ್ಮೆಟ್ ತಂದು ಅದಕ್ಕೆ ಹಾಕಿದರು.

“ದೇವರಿಗೆ ಹೆಲ್ಮೆಟ್ಟಾ?” ಎಂದಳು ಸೆಪಿಯಾ.

“ಪೊಲೀಸರು ಹಿಡೀತಾರಲ್ಲ ಕಾಕ್.”

ಮೇಜಿನ ಉದ್ದಕ್ಕೂ ನಗು ಹಬ್ಬಿತು. ನಾನೂ ನಕ್ಕೆ, ನಗುತ್ತಲೇ ಅಳು ಬಂತು. ಆ ಮೋಟಾರ್ ಸೈಕಲ್ಲಿನ ಹಿಂದೆ ಅಮ್ಮ ಗಂಟು ಹೊತ್ತು ನಡೆದು ಬಂದದ್ದನ್ನು ನಾನು ಹೇಳಿರಲಿಲ್ಲ. ಅದನ್ನೂ ಹೇಳಿದೆ.

ಹೀಗೆ ಅದು ಅಭ್ಯಾಸವಾಯಿತು. ಜಗಳ ನಿಂತಿತು ಎಂದಲ್ಲ. ಫ್ಯಾನು ಯಾರ ಕಡೆ ತಿರುಗಬೇಕು, ಬಚ್ಚಲು ಯಾರು ತೊಳೆಯಬೇಕು ಎಂಬ ಕಿತ್ತಾಟ ಮೊದಲಿನಂತೆಯೇ ಇತ್ತು. ಆದರೆ ಜಗಳವಾಡುವವಳ ತಾಯಿ ಹೇಗೆ ಸತ್ತಳು, ಅವಳ ಮಗನಿಗೆ ಯಾಕೆ ಮಾತು ತೊದಲುತ್ತದೆ ಎಂದು ಗೊತ್ತಿದ್ದ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಬೈಯಲಾಗುವುದಿಲ್ಲ. ಅರ್ಧಕ್ಕೇ ನಿಲ್ಲುತ್ತದೆ.

ಆಂಟಿ ಮೋಯ್ ಮಾತ್ರ ತಮ್ಮದೇನೂ ಹೇಳಲಿಲ್ಲ. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಹರಟುವಾಗ ಅವರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಬಟ್ಟಲನ್ನು ಬಾಯಿಗೇ ಹಿಡಿದು, ಯಾರೋ ಕಿತ್ತುಕೊಳ್ಳಲು ಬರುತ್ತಿದ್ದಾರೇನೋ ಎನ್ನುವಂತೆ ಗಬಗಬ ತಿಂದು ಮುಗಿಸುತ್ತಿದ್ದರು. ಅವರಿಗೆ ನಮ್ಮನ್ನು ಕಂಡರೆ ತಾತ್ಸಾರ ಎಂದು ನಾನು ತಿಳಿದಿದ್ದೆ.

“ಹಾಗಲ್ಲ ಕಣೆ” ಎನ್ನುತ್ತಿದ್ದಳು ಸೆಪಿಯಾ. “ಡಬ್ಬೀಲಿ ಹಂದಿ ಇರುತ್ತೆ. ನಮ್ಮಂಥ ಮುಸ್ಲಿಮರ ಮುಂದೆ ತಿನ್ನೋಕೆ ಸಂಕೋಚ. ಒಳ್ಳೇ ಹೆಂಗಸು.”

ಒಂದು ಸಲ ನಾನು ನೀರು ಕುಡಿಯುವ ನೆಪದಲ್ಲಿ ಹತ್ತಿರ ಹೋಗಿ ನೋಡಿದೆ. ಅನ್ನ, ಸೊಪ್ಪು, ಅರ್ಧ ಉಪ್ಪಿನ ಮೊಟ್ಟೆ. ಬೇರೇನೂ ಇರಲಿಲ್ಲ.

ಆ ದಿನ ಸೆಪಿಯಾ ತನ್ನ ಅಪ್ಪನ ಕಥೆ ತೆಗೆದಳು. ಬಿಳಿಯರ ವಿರುದ್ಧ ಬಂದೂಕು ಹಿಡಿದ ಕಮ್ಯುನಿಸ್ಟರು, ಹೆಚ್ಚಿನವರು ಚೀನೀಯರೇ, ಕಾಡಿನಲ್ಲಿದ್ದ ಕಾಲ. ಕಾಡಿಗೆ ಅಕ್ಕಿ ಹೋಗಬಾರದೆಂದು ಬಿಳಿಯರ ಸರ್ಕಾರ ಹಳ್ಳಿಹಳ್ಳಿಯ ಚೀನೀಯರನ್ನು ಎಬ್ಬಿಸಿ ತಂದು ಮುಳ್ಳುತಂತಿಯ ಬೇಲಿಯೊಳಗೆ ಕೂರಿಸಿತ್ತು. ಬೇಲಿಯ ಬಾಗಿಲು ಕಾಯಲು ಮಲಯ ಹುಡುಗರನ್ನು ಸೇರಿಸಿಕೊಂಡಿತು. ಸೆಪಿಯಾಳ ಅಪ್ಪ ಅವರಲ್ಲೊಬ್ಬ. ಬೀಡೋರ್ ಕಡೆ ಎಲ್ಲೋ ಕೆಲಸ.

“ನಮ್ಮಪ್ಪಂಗೆ ಚೀನೀ ಮಾತು ಒಂದಕ್ಷರ ಬರ್ತಿರ್ಲಿಲ್ಲ. ಅವರಿಗೆ ಕೊಟ್ಟಿದ್ದೇನು ಕೆಲಸ ಗೊತ್ತಾ? ಕಕ್ಕಸಿನ ಬಕೆಟ್ಟು ಹೊರಗೆ ಹೋಗುತ್ತಲ್ಲ, ಅದರೊಳಗೆ ಕಬ್ಬಿಣದ ಸಲಾಕೆ ತಿವಿದು ಅಕ್ಕಿ ಇದೆಯಾ ನೋಡೋದು. ಮನೆಗೆ ಬಂದ್ರೆ ನಮ್ಮಜ್ಜಿ ಹೊಳೆಗೆ ಹೋಗು ಅಂತ ಹೊಸಿಲಿಂದಲೇ ಓಡಿಸೋಳಂತೆ.”

ಎಲ್ಲರೂ ನಕ್ಕೆವು. ಅವಳಿಗೆ ಹುರುಪು ಬಂತು.

“ಒಂದಿನ ಒಬ್ಬ ಚೀನಿ ಸೈಕಲ್ ತಳ್ಕೊಂಡು ಬಂದನಂತೆ. ತಪಾಸಣೆ ಎಲ್ಲ ಆಯ್ತು. ಏನೂ ಇಲ್ಲ. ಹೋಗು ಅಂದ್ರು. ಅವನು ಹತ್ತೋಕೆ ಹೋದ, ಸೈಕಲ್ಲು ಜಾರಿ ಬಿತ್ತು. ಬಿದ್ದಿದ್ದೇ ಸರಿ, ಹ್ಯಾಂಡಲಿನ ಕೊಳವೆಯಿಂದ ಸರ್ರಂತ ಅಕ್ಕಿ. ನಿಲ್ಲಲೇ ಇಲ್ವಂತೆ. ನಮ್ಮಪ್ಪ ಸಾಯೋವರೆಗೂ ಹೇಳಿ ಹೇಳಿ ನಗೋರು, ‘ಬಡ್ಡೀಮಗಂದು ಸೈಕಲ್ಲು ಅಕ್ಕಿ ಉಚ್ಚೆ ಹೊಯ್ತು’ ಅಂತ.”

ನಾವು ಹೊಟ್ಟೆ ಹಿಡಿದುಕೊಂಡೆವು. ಆಗ ಚಿಮುಟ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

“ಆಮೇಲೆ ಆ ಸೈಕಲ್ಲಿನವನು ಏನಾದ?” ಆಂಟಿ ಮೋಯ್ ಕೇಳಿದರು.

ಸೆಪಿಯಾ ನಗುತ್ತಲೇ ತಿರುಗಿದಳು. “ಗೊತ್ತಿಲ್ಲ ಆಂಟಿ. ಅಪ್ಪ ಅಷ್ಟೇ ಹೇಳ್ತಿದ್ದಿದ್ದು.”

“ನಾನು ಹೇಳ್ತೀನಿ” ಎಂದರು ಆಂಟಿ ಮೋಯ್. ದನಿ ಏರಿಸಲಿಲ್ಲ. “ನಮ್ಮೂರು ಬೀಡೋರ್ ಅಲ್ಲ, ಈ ಕಡೆಯದು. ಅದೇ ತರದ ಬೇಲಿ. ಒಳಗೆ ಅನ್ನ ಒಂದೇ ಕಡೆ ಬೇಯಿಸೋರು. ಅಳೆದು ಹಾಕೋರು. ಅಲ್ಲೇ ತಿನ್ಬೇಕು, ಬೇಗ ತಿನ್ಬೇಕು. ಒಂದು ತುತ್ತು ಹೊರಗೆ ಒಯ್ಯೋ ಹಾಗಿಲ್ಲ. ಅಮ್ಮ ಬರಿ ಹೊಟ್ಟೇಲಿ ರಬ್ಬರ್ ಕೆತ್ತೋಕೆ ಹೋಗೋಳು. ನಮ್ಮಪ್ಪ ಸೀಟಿನ ಕೆಳಗಿನ ಕೊಳವೇಲಿ ಅಕ್ಕಿ ತುಂಬಿ ಸಿಕ್ಕಿಬಿದ್ರು. ಯಾರಿಗೆ ಅಂತ ಒಯ್ತಿದ್ರೋ ಗೊತ್ತಿಲ್ಲ. ಕಾಡಿನವರಿಗೋ, ಅಮ್ಮನಿಗೋ. ಅಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಷಗಟ್ಟಲೆ ಕೂಡಿಹಾಕಿ, ಆಮೇಲೆ ನೀನು ಹುಟ್ಟಿದ ಚೀನಾಕ್ಕೇ ಹೋಗು ಅಂತ ಹಡಗು ಹತ್ತಿಸಿದ್ರು. ಅಲ್ಲಿ ಯಾರಿದ್ರು ಅವರಿಗೆ? ನಾವೆಲ್ಲ ಇಲ್ಲೇ ಇದ್ವಿ.”

ಇಷ್ಟು ಹೇಳಿ ಅವರು ಚಿಮುಟ ಎತ್ತಿಕೊಂಡರು. ಒಂದು ಪುಕ್ಕ ಕಿತ್ತು, “ನಿಮ್ಮ ಅಪ್ಪ ನೋಡಿದ ಸೈಕಲ್ಲು ನಮ್ಮಪ್ಪಂದಲ್ಲ” ಎಂದರು, ಸಮಾಧಾನ ಹೇಳುವವರಂತೆ. ಅದರಿಂದಲೇ ನಮಗೆ ಹೆಚ್ಚು ಸಂಕಟವಾಯಿತು.

ಸೆಪಿಯಾ ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಜು ಮತ್ತೆ ಮೂಕವಾಯಿತು. ಯಾರಿಗೂ ಬಾಯಿ ತೆರೆಯಲು ಧೈರ್ಯವಿಲ್ಲ. ನಮ್ಮ ನಗುವಿನ ಕಥೆಗಳಲ್ಲಿ ಇನ್ನು ಯಾರ ಅಪ್ಪ ಇದ್ದಾನೋ ಎಂಬ ಹೆದರಿಕೆ. ಇಬ್ಬರು ಮಲಯ ಹೆಂಗಸರು, ಕಾಕ್ ಇಲ್ಲದಿದ್ದರೆ ತಮಗೂ ಇಲ್ಲಿ ಬೇಸರ, ಬೇರೆ ಕಡೆ ನೋಡುತ್ತೇವೆ ಎಂದರು. ತೌಕೆ ಲಿಂಗ್‌ಗೆ ಅದು ಹೇಗೋ ತಲುಪಿತು. ಅವನು ರೇಡಿಯೋ ರಿಪೇರಿ ಮಾಡಿಸಿ ತಂದಿಟ್ಟು ಹೋದ. ಯಾರೋ ಹಚ್ಚಿದರು, ಯಾವುದೋ ಭಾಷೆಯದು ಹಾಡಿತು, ಯಾರೂ ತಿರುಗಿಸಲಿಲ್ಲ.

“ಸೆಪಿಯಾ ಮನೆ ಎಲ್ಲಿ?” ಎಂದು ಆಂಟಿ ಮೋಯ್ ನನ್ನನ್ನು ಕೇಳಿದರು.

“ಹೊಳೆ ಆಚೆ ಆಂಟಿ. ಹೋಗ್ತೀರಾ?”

“ಸುಮ್ನೆ ಕೇಳಿದೆ.”

ಅವರು ಹೋಗುವ ಮೊದಲು ಸೆಪಿಯಾಳೇ ಬಂದಳು. ನೇರವಾಗಿ ಹಿಂದಿನ ಕೋಣೆಗೆ ನಡೆದಳು. ಅಲ್ಲಿ ಆಂಟಿ ಮೋಯ್ ಗೂಡುಗಳನ್ನು ನೀರಿಗೆ ಹಾಕುತ್ತಿದ್ದರು, ನಾನು ತಟ್ಟೆ ತೊಳೆಯುತ್ತಿದ್ದೆ. ಹೊರಗೆ ಹೋಗಲೆಂದು ಎದ್ದರೆ ಸೆಪಿಯಾ, “ನೀನೂ ಇರು ಅಂಜಲೈ. ಒಬ್ಳೇ ಹೇಳೋಕೆ ನಂಗೆ ಆಗಲ್ಲ” ಎಂದಳು.

“ಅಮ್ಮನ್ನ ಕೇಳಿದೆ ಆಂಟಿ” ಎಂದು ಶುರುಮಾಡಿದಳು. “ಸೈಕಲ್ಲಿನವನು ಏನಾದ ಅಂತ. ಅಮ್ಮನಿಗೆ ಅದು ಗೊತ್ತಿಲ್ಲ. ಆದ್ರೆ ನಮ್ಮಪ್ಪ ಏನಾದ್ರು ಅಂತ ಗೊತ್ತು. ಬಿದ್ದ ಸೈಕಲ್ಲನ್ನ ಎತ್ತಿ ಕೊಳವೆ ಅಲುಗಿಸಿ ನೋಡಿದ್ದು ಅವರೇ ಅಂತೆ. ಅದಕ್ಕೆ ಸಾಹೇಬರು ಮೆಚ್ಚಿ, ಬಡ್ತಿ ಅಂತ ತೋಳಿಗೆ ಒಂದು ಪಟ್ಟಿ ಕೊಟ್ರಂತೆ. ಪಟ್ಟಿ ಬಂದ ಮೇಲೆ ನಮ್ಮ ತಾತ ಹೆಣ್ಣು ಕೊಡೋಕೆ ಒಪ್ಪಿದ್ದು. ಅದಕ್ಕೆ ಮುಂಚೆ ಒಪ್ಪಿರ್ಲಿಲ್ಲ. ಆ ಸೈಕಲ್ಲು ಬೀಳದೇ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲ. ಅಪ್ಪ ಆಮೇಲೆ ಅತ್ರು, ನೊಂದ್ಕೊಂಡ್ರು ಅಂತ ಹೇಳ್ಬಿಡೋಣ ಅಂತ ದಾರಿಯುದ್ದಕ್ಕೂ ಅಂದ್ಕೊಂಡೆ. ಅಮ್ಮ ಹಾಗೆ ಹೇಳಲಿಲ್ಲ. ಇಲ್ಲದ್ದನ್ನ ನಿಮಗೆ ಹೇಳೋಕೆ ಮನಸ್ಸು ಬರಲಿಲ್ಲ.”

ಆಂಟಿ ಮೋಯ್ ನೀರೊಳಗಿನ ಗೂಡನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಿದ್ದರು, ಮೆತ್ತಗಾಯಿತೇ ಎಂದು.

“ಮದುವೇಲಿ ಏನು ಅಡುಗೆ ಮಾಡಿದ್ರಂತೆ?” ಎಂದರು ಕೊನೆಗೆ.

ಸೆಪಿಯಾಗೆ ಅರ್ಥವಾಗಲಿಲ್ಲ. “ಆಂ?”

“ನಿಮ್ಮ ಅಮ್ಮನ ಮದುವೇಲಿ.”

“ಅದನ್ನ ಕೇಳಲಿಲ್ಲ ಆಂಟಿ.”

“ಕೇಳ್ಕೊಂಡು ಬಾ. ಈಗ ಹೋಗಿ ಟೊಪ್ಪಿ ಹಾಕು. ನಿನ್ನ ತಟ್ಟೆ ಹಾಗೇ ಬಿದ್ದಿದೆ.”

ಮರುದಿನ ಮಧ್ಯಾಹ್ನ ಸೆಪಿಯಾ ಉತ್ತರ ತಂದಳು. ಒಂದು ಕೋಣ ಕಡಿದಿದ್ದರಂತೆ. ಅನ್ನ ಮಾತ್ರ ಸಾಲದೆ ಮರಗೆಣಸು ಬೆರೆಸಿ ಬೇಯಿಸಿದ್ದರಂತೆ. ನೆಂಟರು ಎದ್ದು ಹೋಗುವಾಗ ಗೊಣಗಿದ್ದರಂತೆ.

“ನಿಮಗೂ ಅಕ್ಕಿ ಇರ್ಲಿಲ್ವಾ?” ಎಂದರು ಆಂಟಿ ಮೋಯ್, ಗೋಡೆಯ ಕಡೆಯಿಂದ ತಿರುಗಿ.

“ಎಲ್ಲಿಂದ ಬರ್ಬೇಕು ಆಂಟಿ? ನಮ್ಮ ಹಳ್ಳಿಗೂ ಅಳೆದೇ ಕೊಡ್ತಿದ್ರಂತೆ.”

“ನಂಗೆ ಗೊತ್ತಿರ್ಲಿಲ್ಲ. ಬೇಲಿ ಆಚೆ ಇದ್ದೋರೆಲ್ಲ ಹೊಟ್ಟೆ ತುಂಬ ತಿಂತಾರೆ ಅಂದ್ಕೊಂಡಿದ್ವಿ ನಾವು.”

ತಿರುಗಿದವರು ಮತ್ತೆ ಗೋಡೆಗೆ ಮುಖ ಮಾಡಲಿಲ್ಲ. ನಮ್ಮ ಗುಂಪಿಗೂ ಬರಲಿಲ್ಲ. ಕುರ್ಚಿ ಅಡ್ಡವಾಗಿ ನಿಂತಿತು, ಒಂದು ಕಿವಿ ನಮ್ಮ ಕಡೆ. ಹಾಗೆ ಎಷ್ಟೋ ದಿನ ಇತ್ತು. ಗಬಗಬ ತಿನ್ನುವುದು ಹೋಗಲಿಲ್ಲ, ಅದು ಅವರ ಮೈಗೆ ಅಂಟಿಬಿಟ್ಟಿತ್ತು. ಸೆಪಿಯಾ ಮಾತ್ರ ತನ್ನ ಊಟವನ್ನು ಇನ್ನೂ ನಿಧಾನ ಮಾಡಿದಳು. ಅವರು ಮುಗಿಸಿ ಸುಮ್ಮನೆ ಕೂತಾಗ ಒಂದು ಹುರಿದ ಬಾಳೆಹಣ್ಣು ಅವರ ಕಡೆ ಸರಿಸಿ, “ಇದೊಂದು ಸೀದುಹೋಗಿದೆ, ನಂಗೆ ಬ್ಯಾಡ” ಎನ್ನುತ್ತಿದ್ದಳು. ಯಾವತ್ತೂ ಸೀದಿರುತ್ತಿರಲಿಲ್ಲ.

ಆ ವರ್ಷದ ಈದ್ ಹಬ್ಬಕ್ಕೆ ಸೆಪಿಯಾ ನಮ್ಮನ್ನೆಲ್ಲ ಮನೆಗೆ ಕರೆದಳು. “ಅಮ್ಮ ನಿಮ್ಮನ್ನ ನೋಡ್ಬೇಕಂತೆ” ಎಂದು ಆಂಟಿ ಮೋಯ್‌ಗೆ ಬೇರೆಯಾಗಿ ಹೇಳಿದಳು. ಅವರು ಪುಕ್ಕ ಕೀಳುತ್ತಲೇ ಇದ್ದರು. ಹಬ್ಬದ ದಿನ ನಾನು ಬಸ್ಸಿಳಿದರೆ ಒಂದು ಚೀಲ ಕಿತ್ತಳೆ ಹಿಡಿದು ಅವರು ಆಗಲೇ ಸೇತುವೆಯ ಹತ್ತಿರ ನಿಂತಿದ್ದರು. ಒಬ್ಬರೇ ಹೋಗಲು ಧೈರ್ಯ ಬಂದಿರಲಿಲ್ಲ.

ಸೆಪಿಯಾಳ ತಾಯಿ ಸುಮಿ ಅಜ್ಜಿಗೆ ಕಣ್ಣು ಮಂಜು. ಅಜ್ಜಿಯೇ ಆಂಟಿ ಮೋಯ್ ಕೈಯನ್ನು ಹುಡುಕಿ ಹಿಡಿದು, ಬೆರಳುಗಳನ್ನೆಲ್ಲ ಸವರಿ, “ರಬ್ಬರ್ ಕೆತ್ತಿದ ಕೈ” ಎಂದರು.

“ಹೌದಮ್ಮ. ಹತ್ತು ವರ್ಷ ಆದಾಗಿಂದ.”

“ನಾನೂ ಕೆತ್ತಿದ್ದೀನಿ ಮಗಳೇ. ಊಟ ಮಾಡು.”

ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನವನ್ನು ಅಜ್ಜಿ ತಾವೇ ಬಿಡಿಸಿ ತಟ್ಟೆಗೆ ಹಾಕಿದರು. ಆಂಟಿ ಮೋಯ್ ತಟ್ಟೆ ಹಿಡಿದೇ ಕೂತಿದ್ದರು, ತಿನ್ನಲಿಲ್ಲ. ಅವರ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಸೆಪಿಯಾಳ ಅಪ್ಪನ ಫೋಟೋ: ದೊಗಲೆ ಸಮವಸ್ತ್ರ, ಕಿವಿಯವರೆಗೆ ಇಳಿದ ಟೊಪ್ಪಿ, ಕೈಯಲ್ಲಿ ತನಗಿಂತ ಎತ್ತರದ್ದೇನೋ ಎನಿಸುವ ಬಂದೂಕು.

ಸೆಪಿಯಾ ಅದನ್ನು ನೋಡಿ ಗಾಬರಿಯಾದಳು. “ತೆಗೆದಿಡ್ಬೇಕು ಅಂತಿದ್ದೆ ಆಂಟಿ. ಅಮ್ಮ ಬಿಡಲಿಲ್ಲ.”

ಆಂಟಿ ಮೋಯ್ ಎದ್ದು ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

“ಎಷ್ಟು ಚಿಕ್ಕ ಹುಡುಗ” ಎಂದರು. “ಮೀಸೇನೂ ಬಂದಿಲ್ಲ.”

“ನಂಗೂ ಹಾಗೇ ಅನ್ನಿಸಿತ್ತು” ಎಂದರು ಸುಮಿ ಅಜ್ಜಿ ಹಿಂದಿನಿಂದ. “ಇಷ್ಟು ಚಿಕ್ಕವನಿಗೆ ಹೇಗೆ ಕೊಡ್ತೀರಿ ಅಂತ ನಮ್ಮಪ್ಪನ ಹತ್ರ ಅತ್ತಿದ್ದೆ.”

“ನಾವು ಮಕ್ಕಳು ಬೇಲಿ ಹತ್ರ ನಿಂತು ಅವರನ್ನ ನೋಡ್ತಿದ್ವಿ. ದೈತ್ಯರ ತರ ಕಾಣೋರು” ಎಂದರು ಆಂಟಿ ಮೋಯ್. ಮರಳಿ ಬಂದು ಕೂತು, ತಟ್ಟೆ ಎತ್ತಿಕೊಂಡು, ಅಪ್ಪನ ಬಗ್ಗೆ ತಮಗೆ ನೆನಪಿರುವುದು ಒಂದೇ ಎಂದು ಯಾರೂ ಕೇಳದೆಯೇ ಹೇಳಿದರು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುವಾಗ ಅಪ್ಪ ತನ್ನ ಗದ್ದವನ್ನು ಇವರ ತಲೆಯ ಮೇಲೆ ಊರುತ್ತಿದ್ದರಂತೆ. ಗದ್ದದ ಕೂದಲು ಚುಚ್ಚುತ್ತಿತ್ತಂತೆ. ಮುಖ ನೆನಪಿಲ್ಲವಂತೆ.

ಸೆಪಿಯಾ ಅಡುಗೆಮನೆಗೆ ಹೋಗಿ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನಾನು ಹಿಂದೆ ಹೋದರೆ, “ಹೋಗು ಹೋಗು, ಈರುಳ್ಳಿ” ಎಂದಳು. ಅಲ್ಲಿ ಈರುಳ್ಳಿ ಇರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಚೀನಾದವರು ಗೂಡು ಕೊಳ್ಳುವುದನ್ನು ನಿಲ್ಲಿಸಿದರು. ತೌಕೆ ಬಾಗಿಲು ಹಾಕಿದ. ನಾನು ಶಾಲೆಯ ಕ್ಯಾಂಟೀನಿಗೆ ಸೇರಿದೆ. ಆಂಟಿ ಮೋಯ್ ಇಪೋದಲ್ಲಿ ಮಗನ ಮನೆಗೆ ಹೋದರು. ಸುಮಿ ಅಜ್ಜಿ ತೀರಿಕೊಂಡಾಗ ಅವರು ಬಂದಿದ್ದರು. ಸೆಪಿಯಾ ಈಗ ಹಳ್ಳಿಯಲ್ಲೇ ಇದ್ದಾಳೆ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ.

ಹೋದ ವರ್ಷ ಅವಳಿಗೆ ಕಣ್ಣಿನ ಪೊರೆ ತೆಗೆದರು. ನೋಡಿಕೊಂಡು ಬರೋಣವೆಂದು ಮಧ್ಯಾಹ್ನದ ಬಿಸಿಲಲ್ಲಿ ಹೋದೆ. ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಒಂದೇ ಚಾಪೆಯ ಮೇಲೆ ಇಬ್ಬರು ಮಲಗಿದ್ದರು. ಒಬ್ಬಳ ಕಣ್ಣಿಗೆ ಪಟ್ಟಿ. ಇನ್ನೊಬ್ಬರು ಆಂಟಿ ಮೋಯ್, ಇಪೋದಿಂದ ಬಂದು ಎರಡು ದಿನವಾಗಿತ್ತೆಂದು ಆಮೇಲೆ ಗೊತ್ತಾಯಿತು. ಫ್ಯಾನು ತಿರುಗುತ್ತಿತ್ತು. ಸೆಪಿಯಾ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನಾನು ತಂದಿದ್ದ ಹಣ್ಣನ್ನು ಅಡುಗೆಮನೆಯಲ್ಲಿಟ್ಟು, ಅವರು ಏಳುವ ತನಕ ಮೆಟ್ಟಿಲ ಮೇಲೆ ಕೂತಿದ್ದೆ.